ಬಾಲದ ಕೊಬ್ಬು

ಕುರಿಯ ಕರುಳನ್ನು ಮಗುಚುವಾಗ ಅವಸರ ಮಾಡಬಾರದು. ಒಂದು ತುದಿಯನ್ನು ಬೆರಳಿನಿಂದ ಸ್ವಲ್ಪ ಮಡಿಸಿ, ಆ ಮಡಿಕೆಗೆ ನೀರು ಹೊಯ್ಯುತ್ತಾ ಹೋದರೆ ನೀರಿನ ಭಾರಕ್ಕೆ ಒಳಗಿನದು ತಾನೇ ಹೊರಗೆ ಬರುತ್ತದೆ. ನಾನು ಕಾಲುವೆಯ ದಂಡೆಯಲ್ಲಿ ಕೂತು ಅರ್ಧ ಮಗುಚಿದ್ದೆ. ನೀರು ಮಂಜುಗಡ್ಡೆಯ ಹಾಗಿತ್ತು. ಹಿಂದಿನಿಂದ ಸಯ್ರಾಕನ್ ಬಂದು ನಿಂತಳು.

"ಕುರಿದು ಹೆಂಗೆ ಸಲೀಸಾಗಿ ತಿರುಗುತ್ತೆ ನೋಡು. ನಿನ್ನದನ್ನೂ ಹಿಂಗೇ ಮಗುಚಿ ತೊಳೆಯೋ ಹಂಗಿದ್ದಿದ್ರೆ ಈ ಮನೆ ಪೀಡೆ ಎಂದೋ ತೊಲಗಿರೋದು," ಅಂದಳು.

ಸಯ್ರಾಕನ್ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣ ಮುಕಾಶ್‌ನ ಹೆಂಡತಿ. ನನ್ನ ಗಂಡ ತೀರಿಕೊಂಡ ಮೇಲೂ ನಾವು ಒಂದೇ ಅಂಗಳದಲ್ಲಿದ್ದೆವು, ಒಂದೇ ಕೊಪ್ಪರಿಗೆಯಲ್ಲಿ ಉಣ್ಣುತ್ತಿದ್ದೆವು. ಅವಳ ಮಾತಿಗೆ ಉತ್ತರ ಕೊಡುವುದನ್ನು ನಾನು ಬಹಳ ಹಿಂದೆಯೇ ಬಿಟ್ಟಿದ್ದೆ. ಆ ದಿನವಂತೂ ಕೊಡುವ ಹಾಗಿರಲಿಲ್ಲ. ನನ್ನ ಕಿರಿಯ ಮಗಳು ಜಿಪಾರ್‌ಳ ಸಂಬಂಧ ಗಟ್ಟಿ ಮಾಡಲು ಘಟ್ಟದ ಆಚೆ ಕೊಚ್ಕೋರ್‌ನಿಂದ ಬೀಗರು ಬರುವವರಿದ್ದರು. ಕುರಿ ಕೊಯ್ದದ್ದು ಅವರಿಗಾಗಿ. ಕೊಪ್ಪರಿಗೆಯ ಸೌಟು ಇದ್ದದ್ದು ಸಯ್ರಾಕನ್‌ಳ ಕೈಯಲ್ಲಿ.

ನಮ್ಮಲ್ಲಿ ಮಾತು ಎಷ್ಟೇ ಆಡಿದರೂ ಅದು ಗಾಳಿ. ಬೇಯಿಸಿದ ಈಲಿಯ, ಅಂದರೆ ಯಕೃತ್ತಿನ, ಚೂರಿನ ಮೇಲೆ ಕುರಿಯ ದಪ್ಪ ಬಾಲದ ಕೊಬ್ಬಿನ ಚೂರು ಇಟ್ಟು, ಹುಡುಗನ ತಾಯಿ ಹುಡುಗಿಯ ತಾಯಿಯ ಬಾಯಿಗೆ, ಹುಡುಗಿಯ ತಾಯಿ ಹುಡುಗನ ತಾಯಿಯ ಬಾಯಿಗೆ ಕೈಯಾರೆ ಇಡಬೇಕು. ಆಮೇಲೆ ಆ ಸಂಬಂಧವನ್ನು ಯಾರೂ ಕಡಿಯುವ ಹಾಗಿಲ್ಲ. ತಿಂದವಳೇ ಬೀಗಿತ್ತಿ. ಹೆತ್ತವಳು ಪಕ್ಕದಲ್ಲಿ ಕೂತಿದ್ದರೂ ತಿಂದವಳದೇ ಮಾತು, ತಿಂದವಳಿಗೇ ಮರ್ಯಾದೆ.

ಇದು ನನಗೆ ಹೇಗೆ ಗೊತ್ತೆಂದರೆ, ಹಿರಿಯ ಮಗಳು ಬುರುಲ್‌ಳ ಸಂಬಂಧದ ದಿನ ತಟ್ಟೆ ಬಂದಾಗ ನಾನು ಕಕ್ಕಸಿನಲ್ಲಿದ್ದೆ. ಹೊಟ್ಟೆ ನುಲಿದು ಎದ್ದು ನಿಲ್ಲಲು ಆಗಿರಲಿಲ್ಲ. ಹೊರಗೆ ಬರುವಷ್ಟರಲ್ಲಿ ಸಯ್ರಾಕನ್ ತಿಂದು ಬಾಯಿ ಒರೆಸಿಕೊಂಡಿದ್ದಳು. ಅಂದಿನಿಂದ ಬುರುಲ್‌ಳ ಅತ್ತೆ ಮನೆಯ ಸುದ್ದಿಯೆಲ್ಲ ಅವಳಿಗೆ ಬರುತ್ತದೆ, ನನಗೆ ಅವಳಿಂದ ಬರುತ್ತದೆ. ಅವಳಿಗೆ ಬೇಕಾದಷ್ಟು ಬರುತ್ತದೆ. ಬುರುಲ್‌ಗೆ ಮಗುವಾದಾಗ ತೊಟ್ಟಿಲಿಗೆ ಹಾಕಲು ಕರೆದದ್ದು ಅವಳನ್ನು. ನನ್ನ ಮೊಮ್ಮಗುವಿಗೆ ತೊಟ್ಟಿಲ ಪಟ್ಟಿ ಕಟ್ಟಿದ ಕೈ ಅವಳದು. ನಾನು ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲಿ ನಿಂತು ನೋಡಿದೆ. ಜಿಪಾರ್‌ಳ ವಿಷಯದಲ್ಲಿ ಹೀಗಾಗಲು ಬಿಡುವುದಿಲ್ಲ ಎಂದು ಅಲ್ಲಿಯೇ ಹಲ್ಲು ಕಚ್ಚಿದ್ದೆ.

ಈ ಹೊಟ್ಟೆ ಮದುವೆಯಾದ ಹೊಸದರಿಂದಲೂ ಹೀಗೆಯೇ. ಒಂದು ವಾರ ಕಟ್ಟಿ ಕಲ್ಲಾಗುತ್ತದೆ, ಮುಂದಿನ ವಾರ ನೀರಾಗುತ್ತದೆ. ಎರಡರ ನಡುವೆ ಒದ್ದೆ ಬಟ್ಟೆಯನ್ನು ಇಬ್ಬರು ಹಿಡಿದು ಹಿಂಡಿದ ಹಾಗೆ ನೋವು. ಅದು ಸೊಂಟಕ್ಕೆ ಇಳಿದು ತೊಡೆಗೆ ಹೋಗುತ್ತದೆ. ಹೊಟ್ಟೆ ನೋವು ಅಂದರೆ ನಮ್ಮವರಿಗೆ ಗೊತ್ತಿರುವುದು ಒಂದೇ ಮದ್ದು, ಹುಳಿಬಂದ ಕುದುರೆ ಹಾಲು. ನನ್ನ ಅತ್ತೆ ನನ್ನನ್ನು ಒಂದು ಬೇಸಿಗೆ ಪೂರ್ತಿ ಬೆಟ್ಟದ ಹುಲ್ಲುಗಾವಲಿಗೆ ಕಳಿಸಿದ್ದಳು, ಕುಮಿಸ್ ಕುಡಿದು ಗುಣವಾಗಿ ಬಾ ಎಂದು. ಅಲ್ಲಿನ ಹೆಂಗಸರು ಬಟ್ಟಲು ಬರಿದಾಗಲು ಬಿಡುತ್ತಿರಲಿಲ್ಲ. ನಾನು ಬಂಡೆಯ ಹಿಂದಕ್ಕೆ ಓಡಿದಷ್ಟೂ ರೋಗ ಹೊರಗೆ ಹೋಗುತ್ತಿದೆ ಎಂದು ಸಂತೋಷಪಟ್ಟು ಇನ್ನೊಂದು ಬಟ್ಟಲು ಹೊಯ್ಯುತ್ತಿದ್ದರು. ವಾಪಸು ಬಂದಾಗ ನನ್ನ ಮದುವೆಯ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆಗ ಕುರಿ ಕೊಯ್ದು ಬಿಸಿ ಚರ್ಮದಲ್ಲಿ ಸುತ್ತಿ ಮಲಗಿಸಿದರು. ಬೆಚ್ಚಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಎದ್ದು ಓಡಬೇಕಾದಾಗ ಚರ್ಮ ಬಿಚ್ಚಲು ಯಾರೂ ಹತ್ತಿರ ಇರಲಿಲ್ಲ.

ಆಮೇಲೆ ವೈದ್ಯರು. ನಳಿಕೆ ನುಂಗಿಸಿದರು, ಚಿತ್ರ ತೆಗೆದರು, ಬೆಳಕಿಗೆ ಹಿಡಿದು ನೋಡಿ ಏನೂ ಇಲ್ಲ ಅಂದರು. ಆ 'ಏನೂ ಇಲ್ಲ' ಎಂಬ ಮಾತನ್ನು ಸಯ್ರಾಕನ್ ಊರೆಲ್ಲ ಹಂಚಿಬಂದಳು. ಉಣ್ಣೆ ಕತ್ತರಿಸುವ ಕಾಲಕ್ಕೆ ನೋವು ಬಂದರೆ ಕಳ್ಳಾಟ, ಹಬ್ಬಕ್ಕೆ ಬಂದರೆ ಸೊಕ್ಕು. ಕೊನೆಗೆ ನಾರಿನ್ ಪಟ್ಟಣದಲ್ಲಿ ವಯಸ್ಸಾದ ವೈದ್ಯರೊಬ್ಬರು ನನ್ನನ್ನು ಕೂರಿಸಿಕೊಂಡು ಎಲ್ಲ ವಿಚಾರಿಸಿದರು. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ಆದರೆ ಅದರ ಸ್ವಭಾವವೇ ಕೆರಳುವುದು ಅಂದರು. ಕೊಲ್ಲುವುದಿಲ್ಲ, ಬಿಟ್ಟೂ ಹೋಗುವುದಿಲ್ಲವಂತೆ. "ಕೆಟ್ಟ ಅತ್ತೆ ಜೊತೆ ಬಾಳ್ವೆ ಮಾಡಿದೀಯಲ್ಲಮ್ಮ? ಹಂಗೇ ಇದರ ಜೊತೆ ಮಾಡು. ಯಾವುದಕ್ಕೆ ಸಿಟ್ಟಾಗುತ್ತೋ ತಿಳ್ಕೋ, ಅದನ್ನ ಕೊಡಬೇಡ," ಅಂದರು.

ತಿಳಿದುಕೊಂಡೆ. ಅನ್ನದ ಗಂಜಿ, ಬೇಯಿಸಿದ ಆಲೂಗಡ್ಡೆ, ಗಜ್ಜರಿ ಒಪ್ಪುತ್ತದೆ. ಬಿಸಿ ರೊಟ್ಟಿ, ಹಸಿ ಈರುಳ್ಳಿ, ಹಾಲು ಒಪ್ಪುವುದಿಲ್ಲ. ಕೊಬ್ಬು ಕಂಡರೆ ಹುಚ್ಚು ಹಿಡಿಯುತ್ತದೆ. ಸ್ವಲ್ಪ ಸ್ವಲ್ಪ ತಿನ್ನಬೇಕು, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಉಂಡ ಮೇಲೆ ಹೊಳೆಯವರೆಗೆ ನಡೆಯಬೇಕು. ನೋವು ಬಂದರೆ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಬೇಕು. ಜಗಳವಾದ ದಿನ ಇವೆಲ್ಲ ಸರಿಯಾಗಿದ್ದರೂ ನೋವು ಬಂದೇ ಬರುತ್ತದೆ. ಒಂದೇ ಕೊಪ್ಪರಿಗೆಯ ಮನೆಯಲ್ಲಿ ಇದರಲ್ಲಿ ಪ್ರತಿಯೊಂದೂ ಒಂದು ಜಗಳ. ಅತಿಥಿಗಳ ಮುಂದೆ ನಾನು ಹಾಲಿಲ್ಲದ ಚಹಾ ಕುಡಿದರೆ ಸಯ್ರಾಕನ್, ನಮ್ಮನೆ ಹಸು ಯಾವಾಗ ಸತ್ತಿತು ಎಂದು ಎಲ್ಲರಿಗೂ ಕೇಳುವ ಹಾಗೆ ವಿಚಾರಿಸುತ್ತಿದ್ದಳು.

ಬೀಗರ ದಿನಕ್ಕೆ ನಾನು ಮೊದಲೇ ತಯಾರಾಗಿದ್ದೆ. ಆ ವಾರವೆಲ್ಲ ಗಂಜಿಯ ಹೊರತು ಬೇರೇನೂ ಮುಟ್ಟಲಿಲ್ಲ. ಬೆಳಿಗ್ಗೆ ಕರುಳು ತೊಳೆದಾದ ಮೇಲೆ ಹೊಳೆಯವರೆಗೆ ನಡೆದು ಬಂದೆ, ಬಿಸಿ ಉಪ್ಪಿನ ಗಂಟನ್ನು ಒಳ ಅಂಗಿಯ ಕೆಳಗೆ ಕಟ್ಟಿಕೊಂಡೆ. ತಟ್ಟೆಗೆ ಕೊಯ್ದಿಡುವವಳು ಸಯ್ರಾಕನ್ ಆದ್ದರಿಂದ ಅವಳ ಹತ್ತಿರ ಹೋಗಿ, ಅಕ್ಕ, ನನ್ನ ಪಾಲಿಗೆ ಕೊಬ್ಬು ಉಗುರಿನಷ್ಟು ತೆಳ್ಳಗೆ ಕೊಯ್ದಿಡು, ಅಷ್ಟಾದರೆ ತಡೆದುಕೊಳ್ಳುತ್ತೇನೆ ಎಂದು ಕೇಳಿಕೊಂಡೆ. ಆಯ್ತು ಬಿಡು ಅಂದಳು. ಅಷ್ಟು ಬೇಗ ಒಪ್ಪಿದ್ದೇ ನನಗೆ ಒಳ್ಳೆಯದಾಗಿ ಕಾಣಲಿಲ್ಲ.

ಬೀಗರು ಮಧ್ಯಾಹ್ನಕ್ಕೆ ಬಂದರು. ಹುಡುಗ ಎಸೆನ್‌ನ ತಾಯಿ ಮಾಕೆನ್ ಎತ್ತರದ ಹೆಂಗಸು. ಕೂರುವ ಮೊದಲೇ ನಮ್ಮ ಜಮಖಾನೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಇದು ಯಾರ ಕಾಲದ್ದು ಎಂದು ಕೇಳಿದಳು. ಅವಳ ಗಂಡ ಬಾಯಿ ಬಿಟ್ಟದ್ದು ಚಹಾ ಕುಡಿಯಲು ಮಾತ್ರ. ಜಿಪಾರ್ ತಲೆ ತಗ್ಗಿಸಿ ಚಹಾ ಹೊಯ್ಯುತ್ತಿದ್ದಳು. ನಾರಿನ್‌ನಲ್ಲಿ ಹೊಲಿಗೆ ಕಲಿಯುವಾಗ ಎಸೆನ್‌ನನ್ನು ನೋಡಿ ತಾನಾಗಿ ಒಪ್ಪಿದವಳು ಅವಳು.

ತಟ್ಟೆ ಬಂತು. ನನ್ನ ಪಾಲಿನ ಕೊಬ್ಬು ಅಂಗೈ ಅಗಲವಿತ್ತು, ಬೆರಳು ದಪ್ಪವಿತ್ತು. ಅದರ ಕೆಳಗೆ ಈಲಿ ಕಾಣುತ್ತಲೇ ಇರಲಿಲ್ಲ. ತಟ್ಟೆ ಅಲುಗಿದಾಗ ಅದು ನಡುಗಿತು.

"ಮಗಳ ಸುಖ ಎಷ್ಟು ದಪ್ಪ ಇರಲಿ ಅಂತೀಯೋ ಅಷ್ಟು ದಪ್ಪ ಕೊಯ್ದಿದೀನಿ, ಕಲೀಪಾ," ಅಂದಳು ಸಯ್ರಾಕನ್. ಹಾಗೆನ್ನುತ್ತಲೇ ಮೊಣಕಾಲು ಸರಿಸಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. ನಾನು ಎದ್ದರೆ ನನ್ನ ಜಾಗ ಅವಳಿಗೆ ಒಂದು ಗೇಣು ದೂರ.

ಮಾಕೆನ್ ಆ ತುಂಡನ್ನು ಎತ್ತಿ ನನ್ನ ಬಾಯಿಯ ಮುಂದೆ ಹಿಡಿದಳು. ಕೊಬ್ಬಿನ ರಸ ಅವಳ ಮಣಿಕಟ್ಟಿನ ಮೇಲೆ ಇಳಿಯುತ್ತಿತ್ತು. ಬಾಯಿಗೆ ಬರುವ ಮೊದಲೇ ನನ್ನ ಹೊಟ್ಟೆಯೊಳಗೆ ಯಾರೋ ಹಗ್ಗ ಜಗ್ಗಿದ ಹಾಗಾಯಿತು. ತಿಂದರೆ, ಹಿರಿಯರು ಹರಸಲು ಕೈ ಎತ್ತುವ ಹೊತ್ತಿಗೆ ನಾನು ಎದ್ದು ಓಡುತ್ತೇನೆ. ಹರಸುವ ನಡುವೆ ಎದ್ದು ಹೋದ ತಾಯಿಯನ್ನು ಯಾರು ಮರೆಯುತ್ತಾರೆ? ತಿನ್ನದಿದ್ದರೆ ಸಯ್ರಾಕನ್ ಬಾಯಿ ತೆರೆದು ಕೂತಿದ್ದಾಳೆ.

"ಬೀಗಿತ್ತಿ, ನನ್ನ ಕರುಳಿಗೆ ಕಾಯಿಲೆ ಇದೆ," ಅಂದೆ. "ಈಲಿ ಎಷ್ಟು ಕೊಟ್ರೂ ತಿಂತೀನಿ. ಕೊಬ್ಬು ತಿಂದ್ರೆ ನಿಮ್ಮ ಮುಂದೇನೇ ಎದ್ದು ಓಡಬೇಕಾಗುತ್ತೆ."

ಮುಕಾಶ್ ಕೆಮ್ಮಿದ. ಸಯ್ರಾಕನ್ ತಡಮಾಡಲಿಲ್ಲ. ಅವಳಿಗೆ ಏನೂ ಇಲ್ಲ, ಪಟ್ಟಣದ ವೈದ್ಯರೇ ನೋಡಿ ಏನೂ ಇಲ್ಲ ಅಂದಿದ್ದಾರೆ, ಮನಸ್ಸಿಲ್ಲ ಅಷ್ಟೇ ಎಂದಳು. ಮನಸ್ಸಿಲ್ಲ ಎಂಬ ಮಾತನ್ನು ಆ ತಟ್ಟೆಯ ಮುಂದೆ ಆಡುವುದೆಂದರೆ ಬಂದವರ ಮುಖಕ್ಕೆ ಉಗಿದ ಹಾಗೆ. ಮಾಕೆನ್‌ಳ ಕೈ ಕೆಳಗಿಳಿಯಿತು.

"ಇದರಲ್ಲಿ ಯಾವುದು ಸುಳ್ಳು? ಕಾಯಿಲೆನೋ, ಮನಸ್ಸೋ?"

"ಕಾಯಿಲೆ ನಿಜ. ಮನಸ್ಸೂ ನಿಜ. ಮನಸ್ಸಿಲ್ದೆ ಇದ್ದಿದ್ರೆ ಬೆಳಿಗ್ಗೆಯಿಂದ ನಿಮಗೋಸ್ಕರ ಕುರಿ ಬೋಟಿ ತೊಳೀತಿರಲಿಲ್ಲ."

"ಹುಡುಗಿಗೂ ಇದೆಯಾ?"

"ಇಲ್ಲ."

"ನಾಳೆ ಬಂದ್ರೆ?"

"ಬಂದ್ರೆ ಕಕ್ಕಸು ಮನೆಗೆ ಹತ್ತಿರ ಕಟ್ಟಿಸಿ," ಅಂದೆ.

ಮಾಕೆನ್‌ಳ ಗಂಡ ಚಹಾ ಬಟ್ಟಲಿನೊಳಗೇ ನಕ್ಕುಬಿಟ್ಟ. ಅವಳು ಒಂದು ಸಲ ನೋಡಿದಳು, ನಗೆ ಬಟ್ಟಲಿನಲ್ಲೇ ಮುಳುಗಿತು. ಕೊಬ್ಬನ್ನು ತಟ್ಟೆಗೆ ಹಾಕಿ, ಈಲಿಯ ಚೂರನ್ನು ನನ್ನ ಬಾಯಿಗೆ ಇಟ್ಟಳು, ದನಕ್ಕೆ ಗುಳಿಗೆ ತುರುಕುವ ಹಾಗೆ. ನಾನು ಅವಳ ಬಾಯಿಗೆ ಇಟ್ಟೆ. ಅರ್ಧ ತಿಂದ ಸಂಬಂಧ ಅರ್ಧವೇ, ಉಳಿದದ್ದನ್ನು ಕಾಗದದಲ್ಲಿ ತಿಳಿಸುತ್ತೇವೆ ಎಂದು ಹೇಳಿ, ಮಾಂಸದ ಊಟಕ್ಕೂ ಸರಿಯಾಗಿ ಕೈ ಹಾಕದೆ ಎದ್ದರು. ಆ ರಾತ್ರಿ ಕೊಪ್ಪರಿಗೆ ತುಂಬ ಮಾಂಸ ಉಳಿಯಿತು. ಸಯ್ರಾಕನ್ ಪ್ರತಿ ತುತ್ತಿಗೂ ನನ್ನ ಹೆಸರು ಹೇಳಿ ಉಂಡಳು.

ಕಾಗದ ಮೊದಲ ಹಿಮ ಬಿದ್ದ ಮೇಲೆ ಬಂತು. ಮುಕಾಶ್ ಎಲ್ಲರ ಮುಂದೆ ಓದಿದ. ಹುಡುಗನಿಗೆ ಬೇರೆ ಹುಡುಗಿ ಬೇಡವಂತೆ, ಹುಡುಗಿಯಲ್ಲಿ ಕೊರತೆ ಇಲ್ಲವಂತೆ. ವಸಂತದಲ್ಲಿ ಕೊಚ್ಕೋರ್‌ನಲ್ಲಿ ಮದುವೆ. ಅಲ್ಲಿ ಬಂಧುಬಳಗವೆಲ್ಲ ಸೇರುವುದರಿಂದ ಬಾಲದ ಕೊಬ್ಬಿನ ಶಾಸ್ತ್ರ ಪೂರ್ತಿ ಆಗಬೇಕು, ಆದ್ದರಿಂದ ತಾಯಿಯ ಸ್ಥಾನದಲ್ಲಿ ದೊಡ್ಡಮ್ಮ ಸಯ್ರಾಕನ್ ಬಂದು ಕೂರಲಿ. ಕಲೀಪಾ ಮನೆಯಲ್ಲೇ ಇದ್ದು ಆರೋಗ್ಯ ನೋಡಿಕೊಳ್ಳಲಿ. ಒಪ್ಪಿಗೆಯ ಉತ್ತರ ಬಂದ ಮೇಲೆ ಸಂಬಂಧ ಗಟ್ಟಿಯಾದ ಗುರುತಿಗೆ ಹುಡುಗಿಗೆ ಕಿವಿಗೆ ಹಾಕುವ ಬೆಳ್ಳಿ ಕಳಿಸುತ್ತೇವೆ.

ಮರುದಿನವೇ ಸಯ್ರಾಕನ್ ತನ್ನ ಮಖಮಲ್ ನಿಲುವಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಹಿಮದ ಮೇಲೆ ಹಾಸಿ ಕೋಲಿನಿಂದ ಬಡಿದು ಧೂಳು ಹಾರಿಸಿದಳು.

ಉತ್ತರ ನಾನು ಆ ವಾರವೇ ಬರೆದೆ. ಬರೆದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಏನು ಬರೆದೆ ಎಂಬುದೂ ಗೊತ್ತು. ನಾನೇ ಬರುತ್ತೇನೆ, ಬೇರೆಯವರು ನನ್ನ ಜಾಗದಲ್ಲಿ ಕೂರುವುದಿಲ್ಲ ಎಂದಿದ್ದೆ. ಕಳಿಸಲು ಮಾತ್ರ ಆಗಲಿಲ್ಲ. ಹಾಸಿಗೆಗಳ ರಾಶಿಯ ಕೆಳಗೆ ಇಟ್ಟೆ. ಟಪಾಲು ಹೊತ್ತ ಹಾಲಿನ ಲಾರಿ ಬಂದು ಹಾರ್ನ್ ಮಾಡಿದಾಗಲೆಲ್ಲ ಜಿಪಾರ್ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ನನ್ನ ಕೈ ರಾಶಿಯ ಕೆಳಗೆ ಹೋಗಿ ಬರಿದೇ ಹಿಂದೆ ಬರುತ್ತಿತ್ತು. ಇದನ್ನು ಕಳಿಸಿದರೆ ಬೆಳ್ಳಿ ಬರುವುದಿಲ್ಲ, ಆಗ ಅವಳು ಜೀವಮಾನವೆಲ್ಲ ಇದೇ ಮುಖ ಹೊತ್ತು ನನ್ನ ಎದುರಿಗೆ ಇರುತ್ತಾಳೆ ಎಂಬ ಭಯ.

ಆ ಚಳಿಗಾಲ ಹೊಟ್ಟೆ ನನ್ನನ್ನು ಬಿಡಲಿಲ್ಲ. ಕಕ್ಕಸು ಅಂಗಳದ ಕೊನೆಯಲ್ಲಿ, ದನದ ಕೊಟ್ಟಿಗೆಯ ಆಚೆ. ಹಲಗೆಯ ಸಂದಿನಿಂದ ಗಾಳಿ ಚೂರಿಯಂತೆ ಬರುತ್ತಿತ್ತು, ಕಾಲ ಕೆಳಗೆ ಮಂಜುಗಡ್ಡೆ. ಸೊಂಟ ಹಿಡಿದುಕೊಂಡು ಹೋಗುವುದು, ಗೋಡೆ ಹಿಡಿದುಕೊಂಡು ಬರುವುದು, ಬಂದು ಉಪ್ಪು ಹುರಿಯುವುದು. ಉಪ್ಪು ಆರುವ ಹೊತ್ತಿಗೆ ಮತ್ತೆ ಹೊರಡುವುದು. ಸಯ್ರಾಕನ್ ಪೊರಕೆಯ ಹಿಡಿಯಿಂದ ಗೋಡೆ ಬಡಿದು, ಇದ್ದೀಯೋ ಹೋದೆಯೋ ಎಂದು ಕೇಳುತ್ತಿದ್ದಳು. ಮುಕಾಶ್ ಒಂದು ದಿನ ಸಮಾಧಾನವಾಗಿಯೇ ಬಂದು ಕೂತು, ಒಂದು ದಿನದ ಮಾತು, ಬಿಟ್ಟುಕೊಟ್ಟುಬಿಡು ಅಂದ. ಬುರುಲ್‌ದೂ ಒಂದು ದಿನದ ಮಾತೇ ಆಗಿತ್ತು ಭಾವ ಎಂದೆ. ಅವನು ಟೋಪಿ ಸರಿ ಮಾಡಿಕೊಂಡು ಎದ್ದು ಹೋದ.

ಜಿಪಾರ್ ಮಾತ್ರ ಏನೂ ಅಂದಿರಲಿಲ್ಲ. ಹಿಮ ಕರಗಲು ಶುರುವಾದ ಒಂದು ಬೆಳಿಗ್ಗೆ ಅವಳೂ ಅಂದಳು. ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು.

"ಒಂದು ತುಂಡು ನುಂಗೋಕೆ ಆಗಲ್ವಾ ಅಮ್ಮ? ಒಂದೇ ಒಂದು ಸಲ. ನನಗೋಸ್ಕರ."

ಸಯ್ರಾಕನ್‌ಳ ಬಾಯಲ್ಲಿ ಬಂದಿದ್ದರೆ ಅದು ಗಾಳಿಗೆ ಹೋಗುತ್ತಿತ್ತು. ಮಗಳ ಬಾಯಲ್ಲಿ ಬಂದಾಗ ನನಗೆ ಮೈಯೆಲ್ಲ ಉರಿಯಿತು. ಎದ್ದು ಉಗ್ರಾಣಕ್ಕೆ ಹೋದೆ. ಚಳಿಗಾಲಕ್ಕೆಂದು ಉಪ್ಪು ಹಾಕಿ ತೂಗುಬಿಟ್ಟ ಬಾಲದ ಕೊಬ್ಬಿನಲ್ಲಿ ಅಂಗೈ ಅಗಲ ಕೊಯ್ದು ತಂದು, ಅವಳ ಕಣ್ಣೆದುರಿಗೇ ಬೇಯಿಸಿ, ತಟ್ಟೆಗೆ ಹಾಕಿಕೊಂಡೆ. ಅಮ್ಮ ಬೇಡ ಅಂದಳು. "ನೋಡ್ತಾ ಕೂತ್ಕೋ," ಅಂದೆ. ಪೂರ್ತಿ ತಿಂದೆ. ಬೆರಳನ್ನೂ ನೆಕ್ಕಿದೆ.

ಹುರುಳಿಯಷ್ಟಾದರೂ ಕನಿಕರ ನನಗೆ ಆಗ ಅವಳ ಮೇಲೆ ಇರಲಿಲ್ಲ. ಇಷ್ಟು ವರ್ಷ ನಾನು ಇದನ್ನು ಮಕ್ಕಳಿಗೆ ತೋರಿಸದೆ ಮುಚ್ಚಿಟ್ಟಿದ್ದೆ. ನೋವು ಬಂದರೆ ಮುಖ ತಿರುಗಿಸಿ ಹೊರಗೆ ಹೋಗಿ, ನಗುತ್ತಾ ಒಳಗೆ ಬರುತ್ತಿದ್ದೆ. ಅವರಿಗೆ ಅಮ್ಮನ ಹೊಟ್ಟೆ ಅಂದರೆ ಅಮ್ಮ ಸ್ವಲ್ಪ ಹೊತ್ತು ಕಾಣುವುದಿಲ್ಲ ಎಂದಷ್ಟೇ ಗೊತ್ತು. ಆ ದಿನ ಮುಚ್ಚಲಿಲ್ಲ. ಹಿಟ್ಟು ಉಬ್ಬುವ ಮೊದಲೇ ನೋವು ಹತ್ತಿತು. ಒಲೆಯ ಪಕ್ಕದಲ್ಲೇ ಮಂಡಿಯೂರಿ ಬಿದ್ದೆ. ಅಂಗಳದ ನಡುವೆ ಎರಡು ಸಲ ಕೂತೆ. ಕಕ್ಕಸಿನ ಬಾಗಿಲು ಹಾಕಿಕೊಳ್ಳಲೂ ಆಗಲಿಲ್ಲ, ಜಿಪಾರ್ ಹೊರಗಿನಿಂದ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ಕರಗಿದ ಹಿಮದ ಕೆಸರಿನಲ್ಲಿ ನಿಂತಿದ್ದಳು. ಮಧ್ಯಾಹ್ನದವರೆಗೂ ಅಲ್ಲೇ ಇದ್ದಳು. ನನ್ನ ಬಾಯಿಂದ ಬಂದ ಮಾತುಗಳನ್ನೆಲ್ಲ ಕೇಳಿಸಿಕೊಂಡಳು. ಅವುಗಳಲ್ಲಿ ಕೆಲವು ತಾಯಿ ಮಗಳಿಗೆ ಆಡುವಂಥವಲ್ಲ.

ಒಳಗೆ ಕರೆತಂದು ಅವಳೇ ಉಪ್ಪು ಹುರಿದಳು. ಜಾಸ್ತಿ ಕಾಯಿಸಿದ್ದರಿಂದ ಹೊಟ್ಟೆ ಸುಟ್ಟಿತು, ಸುಡಲಿ ಎಂದು ಗಂಟನ್ನು ತೆಗೆಯಲಿಲ್ಲ. ಜಿಪಾರ್ ಕೈ ತೊಳೆದುಕೊಂಡು ಬಂದು ಹಾಸಿಗೆ ರಾಶಿಯ ಕೆಳಗಿನಿಂದ ಕಾಗದ ಎಳೆದಳು. ಕಿಟಕಿಯ ಹತ್ತಿರ ನಿಂತು ಗಟ್ಟಿಯಾಗಿ ಓದಿದಳು.

"'ಹುಡುಗಿಯ ತಾಯಿ ನಾನು. ಮದುವೆಗೆ ನಾನೇ ಬರುತ್ತೇನೆ. ನನ್ನ ಗಂಜಿಯ ಬಟ್ಟಲು ನಾನೇ ತರುತ್ತೇನೆ, ದಯವಿಟ್ಟು ಬೇಸರಿಸಬಾರದು. ಈಲಿ ತಿನ್ನುತ್ತೇನೆ. ಕೊಬ್ಬನ್ನು ದಯವಿಟ್ಟು ತುಟಿಗೆ ಸವರಿ. ಅದು ಸಾಲದು ಎನ್ನುವುದಾದರೆ ದಯವಿಟ್ಟು ಬೆಳ್ಳಿ ಕಳಿಸಬೇಡಿ.'"

ಬೆಳ್ಳಿಯ ಸಾಲನ್ನು ಇನ್ನೊಂದು ಸಲ ಓದಿದಳು. "ದಯವಿಟ್ಟು ಯಾಕೆ ಇಷ್ಟೊಂದು?" ಎಂದು ಕೇಳಿ, ಪೆನ್ಸಿಲ್ ತಂದು ಗಂಜಿಯ ಹತ್ತಿರ ಒಂದನ್ನು ಉಳಿಸಿ, ಉಳಿದವನ್ನು ಕಾಟು ಹೊಡೆದಳು. ಕೆಳಗೆ ತನ್ನ ಹೆಸರನ್ನೂ ಬರೆದಳು.

"ಬೆಳ್ಳಿ ಬರಲಿಲ್ಲ ಅಂದ್ರೆ?" ಅಂದೆ.

"ಬರಲಿಲ್ಲ ಅಂದ್ರೆ ಅಳ್ತೀನಿ. ನೀನು ಕಾಗದ ಕೊಡು ಹೋಗು. ಇಲ್ಲ, ನಾನೇ ಕೊಡ್ತೀನಿ, ನೀನು ಮಲಕ್ಕೋ."

ನಾನು ಮಲಗಲಿಲ್ಲ. ಲಾರಿಯ ಹಾರ್ನ್ ಕೇಳಿದ್ದೇ ಶಾಲು ಬಿಗಿದುಕೊಂಡು ಎದ್ದೆ. ಜಿಪಾರ್ ತೋಳು ಹಿಡಿದಳು. ಗೇಟಿನಲ್ಲಿ ಸಯ್ರಾಕನ್ ಅಡ್ಡ ನಿಂತಿದ್ದಳು, ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ನಿನ್ನ ಹಟಕ್ಕೆ ಹುಡುಗಿಯ ಬಾಳು ಹಾಳು ಮಾಡುತ್ತೀಯ, ನಾಳೆ ಊರು ಕೇಳಿದರೆ ನಿನ್ನ ಹೆಸರೇ ಹೇಳುತ್ತೇನೆ ಅಂದಳು. ಹೇಳು ಅಂದೆ. ಆಗ ಜಿಪಾರ್‌ಳ ಕಡೆ ತಿರುಗಿ, ನೀನಾದರೂ ಬುದ್ಧಿ ಹೇಳಬಾರದಾ, ನಾನು ಬೇರೆಯವಳಾ ಎಂದು ದನಿ ಮೆತ್ತಗೆ ಮಾಡಿದಳು.

"ದೊಡ್ಡಮ್ಮ," ಅಂದಳು ಜಿಪಾರ್. "ಬುರುಲಕ್ಕನ ಮಗೂನ ತೊಟ್ಟಿಲಿಗೆ ಹಾಕಿದ್ರಿ, ಆಯ್ತು. ನಾಳೆ ನನಗಾಗೋ ಮಗೂನ ಬಿಟ್ಟುಬಿಡಿ."

ಸಯ್ರಾಕನ್ ಪಕ್ಕಕ್ಕೆ ಸರಿದಳೆಂದು ಹೇಳಲಾರೆ. ನಾವೇ ಅವಳ ಪಕ್ಕದಿಂದ ತೂರಿಕೊಂಡು ಹೋದೆವು. ನನ್ನ ಹೆಗಲು ಅವಳ ಹೆಗಲಿಗೆ ತಗುಲಿತು, ಇಬ್ಬರೂ ಹಿಂದೆ ತೆಗೆಯಲಿಲ್ಲ.

ಲಾರಿಯವನು ಹಾಲಿನ ಕ್ಯಾನುಗಳನ್ನು ಎತ್ತಿ ಹಗ್ಗ ಬಿಗಿಯುತ್ತಿದ್ದ. ಹೊಟ್ಟೆ ಮತ್ತೆ ಹಿಂಡತೊಡಗಿತ್ತು. ಬಂಪರ್ ಹಿಡಿದು ಬಗ್ಗಿ ನಿಂತುಕೊಂಡೇ ಕಾಗದ ಚಾಚಿದೆ. ಕೊಚ್ಕೋರ್‌ಗಾ ಎಂದು ಕೇಳಿ, ಅಂಚು ಸವೆದಿದ್ದ ಲಕೋಟೆಯನ್ನು ತಿರುಗಿಸಿ ನೋಡಿದ. ಯಾವಾಗ ಬರೆದದ್ದಮ್ಮ ಇದು ಅಂದ. ಮೊದಲ ಹಿಮಕ್ಕೆ ಅಂದೆ. ಅವನು ನಕ್ಕು, ಟಪಾಲು ಚೀಲದ ಬಾಯಿ ಬಿಚ್ಚಿ, ಅದನ್ನು ಎಲ್ಲಕ್ಕಿಂತ ಮೇಲೆ ಹಾಕಿ ದಾರ ಕಟ್ಟಿದ. ಲಾರಿ ಕೆಸರು ಎರಚುತ್ತಾ ಘಟ್ಟದ ಕಡೆಗೆ ತಿರುಗಿತು.